ಅಮ್ಮ ಆರಿಸಿದ ಸಬ್‌ವೂಫರ್

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಹಡಗಿನ ಎಂಜಿನ್ ಕೋಣೆಯ ಆ ಕಬ್ಬಿಣದ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಮುಲಾಮು ಹಚ್ಚಿಕೊಳ್ಳುವುದಕ್ಕೆ ಸೋಮಾರಿತನ ಮಾಡಬೇಡ. ನಾನೂ ಅಮ್ಮನೂ ಆರಾಮವಾಗಿದ್ದೇವೆ. ನನ್ನ ಗಂಟಲು ಮಾತ್ರ ಯಥಾಪ್ರಕಾರ ಕೆಟ್ಟಿದೆ. ಡ್ರೈವಿಂಗ್ ಶಾಲೆಗೆ ಈ ತಿಂಗಳು ಸೇರಿದವರೆಲ್ಲ ‘ಬ್ರೇಕ್’ ಎಂದರೆ ಆಕ್ಸಿಲರೇಟರ್ ತುಳಿಯುವವರೇ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಒಂದೊಂದು ಅಕ್ಷರವನ್ನೂ ಬಿಡಿಸಿ ಕೂಗಿ ಕೂಗಿ, ಮನೆಗೆ ಬಂದ ಮೇಲೂ ಅದೇ ಧಾಟಿಯಲ್ಲಿ ‘ಉಪ್ಪು ಕೊಡು’ ಅನ್ನುವ ಹಾಗಾಗಿದೆ.

ಈಗ ನಿನ್ನ ಸಬ್‌ವೂಫರ್ ವಿಷಯ. ರಜೆಗೆ ಬರುವುದರೊಳಗೆ ಎರಡರಲ್ಲಿ ಒಂದನ್ನು ಆರಿಸಿಡು ಎಂದು ನೀನು ಹೇಳಿ ಹಾಯಾಗಿ ಸಮುದ್ರದ ಮೇಲೆ ಹೋಗಿಬಿಟ್ಟೆ. ನನಗೋ ಅದು ಗುಡುಗಿನಂಥ ಸದ್ದು ಮಾಡುವ ಸ್ಪೀಕರ್ ಡಬ್ಬಿ ಎನ್ನುವುದು ಬಿಟ್ಟರೆ ತಲೆಬುಡ ಗೊತ್ತಿಲ್ಲ. ಅಂಗಡಿಯವರನ್ನು ಕೇಳಿದೆ. ಪಾಪ, ಒಳ್ಳೆಯ ಮನುಷ್ಯ. “ಅಂಗಡೀಲಿ ಕೇಳೋದೇ ಬೇರೆ, ನಿಮ್ಮನೇಲಿ ಕೇಳೋದೇ ಬೇರೆ. ಒಂದು ವಾರ ಎರಡನ್ನೂ ಇಟ್ಕೊಂಡು ನೋಡಿ” ಎಂದು ಮನೆಗೇ ಕಳಿಸಿಕೊಟ್ಟರು. ಒಂದು ಹನ್ನೆರಡು ಇಂಚಿನದು. ಇಬ್ಬರು ಏದುಸಿರು ಬಿಡುತ್ತಾ ಹೊತ್ತು ತಂದರು. ಗಾಳಿ ಹೋಗಿ ಬರಲು ಅದರ ಮುಂಭಾಗದಲ್ಲಿ ಒಂದು ದೊಡ್ಡ ತೂತು. ಇನ್ನೊಂದು ಹತ್ತು ಇಂಚಿನದು, ಎಲ್ಲ ಕಡೆ ಮುಚ್ಚಿದ ಚೌಕ ಡಬ್ಬಿ, ಕಾಲಿಟ್ಟುಕೊಳ್ಳುವ ಸ್ಟೂಲಿನಷ್ಟೇ ಇದೆ. ಎರಡರ ಹೊಟ್ಟೆಯೊಳಗೂ ಅದರದರ ಆಂಪ್ಲಿಫೈಯರ್ ಇರುವುದರಿಂದ ಎರಡಕ್ಕೂ ಬೇರೆ ಬೇರೆ ಪ್ಲಗ್ ಬೇಕಂತೆ. ಅಮ್ಮ ಅದನ್ನು ನೋಡಿ, “ಒಳ್ಳೆ ನೆಂಟರು ಬಂದರು, ಬಂದ ಕೂಡ್ಲೆ ಕರೆಂಟು ಕೇಳ್ತಾರೆ” ಎಂದಳು.

ಮೊದಲು ದೊಡ್ಡದನ್ನು ಹಚ್ಚಿದೆ. ಅಣ್ಣಾ, ಸುಳ್ಳು ಹೇಳುವುದಿಲ್ಲ, ರೋಮಾಂಚನವಾಯಿತು. ಸಿನಿಮಾದಲ್ಲಿ ಸೇತುವೆ ಮುರಿದು ಬಿದ್ದಾಗ ಸೋಫಾ ನನ್ನನ್ನು ಎತ್ತಿ ಕುಕ್ಕಿದ ಹಾಗಾಯಿತು, ಅಡುಗೆಮನೆಯ ತಟ್ಟೆಗಳೆಲ್ಲ ಒಂದಕ್ಕೊಂದು ಮಾತಾಡಿದವು. ಇದೇ ಇರಲಿ ಎಂದು ಅಲ್ಲೇ ತೀರ್ಮಾನಿಸಿದ್ದೆ. ಆಮೇಲೆ ಅಮ್ಮನಿಗೆ ಇಷ್ಟವಾದ ಆ ಹಳೆಯ ಹಾಡನ್ನು ಹಾಕಿದೆ. ಶುರುವಿನಲ್ಲಿ ಸಣ್ಣ ಗಂಟೆಗಳ ಕಿಣಿಕಿಣಿ ಬಂದು, ಹಿಂದೆಯೇ ಡ್ರಮ್ ಸೇರಿಕೊಳ್ಳುತ್ತದಲ್ಲ, ಅದು. ಅಮ್ಮ ತಲೆ ಓರೆ ಮಾಡಿ ಕೇಳಿ, “ಗಂಟೆ ಎಲ್ಲಿ? ಈ ಡಬ್ಬಿ ಗಂಟೆ ನುಂಗಿ ಹಾಕ್ತಿದೆ ಕಣೇ” ಎಂದಳು. ಇರಬಹುದು, ಡಬ್ಬಿಯ ಗುಡುಗಿನ ಅಬ್ಬರದಲ್ಲಿ ಮುಚ್ಚಿಹೋಗಿರಬಹುದು ಎಂದುಕೊಂಡು ಚಿಕ್ಕದಕ್ಕೆ ತಂತಿ ಬದಲಿಸಿದೆ. “ಇದರಲ್ಲೂ ಇಲ್ಲ” ಎಂದಳು. ನನಗೆ ಕೇಳಿಸುತ್ತಿತ್ತು. ಆದರೆ ನಾನು ನನ್ನ ಕಿವಿಯನ್ನೇ ಅನುಮಾನಿಸಿದೆ, ಅಮ್ಮನದನ್ನಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವಳು, ‘ಹಲೋ’ ಅನ್ನುವುದರೊಳಗೆ ಇದು ಯಾರ ದನಿ, ಇವತ್ತು ಅವರಿಗೆ ನೆಗಡಿಯೋ ದುಃಖವೋ ಎಂದು ಹೇಳುತ್ತಿದ್ದವಳು. ಆ ಕಿವಿಯ ಎದುರು ನನ್ನದು ಯಾವ ಲೆಕ್ಕ?

ಹಾಗಾಗಿ ಅಂಗಡಿಯವರನ್ನೇ ಕರೆಸಿದೆ. ಅವರು ಅದೇ ಹಾಡನ್ನು ಮೊದಲಿನಿಂದ ಹಾಕಿಸಿ, ನಿನ್ನ ಹಳೆಯ ಎರಡು ಸ್ಪೀಕರುಗಳಿಗೆ ಕಿವಿ ಹಚ್ಚಿ ಕೇಳಿದರು, ಅವುಗಳ ಆಂಪ್ಲಿಫೈಯರ್ ಹಿಂದೆ ಬಗ್ಗಿ ತಂತಿಗಳನ್ನು ಎಳೆದು ನೋಡಿದರು. ನಮಗೆ ಬೆನ್ನು ಹಾಕಿಕೊಂಡೇ, “ಎಲ್ಲ ಸರಿಯಾಗಿದೆ. ಗಂಟೆ ಸದ್ದು ಬರೋದು ಈ ಎರಡು ಸ್ಪೀಕರಿಂದ. ಸಬ್‌ವೂಫರಿಗೂ ಗಂಟೆಗೂ ಸಂಬಂಧಾನೇ ಇಲ್ಲ, ಅದು ತಳದ ಸದ್ದು ಮಾತ್ರ ಹೇಳುತ್ತೆ” ಎಂದರು. ಪಕ್ಕದಲ್ಲಿ ನಿಂತಿದ್ದ ಅಮ್ಮ ನಗುತ್ತಾ, “ಅಲ್ವಾ? ನಾನೂ ಅದನ್ನೇ ಹೇಳಿದ್ದು ಇವಳಿಗೆ” ಎಂದಳು.

ಅವರು ತಿರುಗಿ ಅಮ್ಮನನ್ನು ನೋಡಿದರು. ನಾನೂ ನೋಡಿದೆ. ಗಂಟೆ ಕಿಣಿಕಿಣಿ ಎನ್ನುತ್ತಲೇ ಇತ್ತು. ನಾವಿಬ್ಬರೂ ಯಾಕೆ ಹಾಗೆ ನೋಡುತ್ತಿದ್ದೇವೆಂದು ಅಮ್ಮನಿಗೆ ಒಂದು ಗಳಿಗೆಯಲ್ಲಿ ಅರ್ಥವಾಗಿಬಿಟ್ಟಿತು. ನಾನು ಹಾಡು ನಿಲ್ಲಿಸಿದೆ. ಅವಳು ಸೋಫಾದ ಅಂಚಿಗೆ ಕೂತಳು. ಅಂಗಡಿಯವರು ನೀರು ಕುಡಿದು ಬರುತ್ತೇನೆಂದು ತಾವಾಗಿಯೇ ಅಡುಗೆಮನೆಗೆ ಹೋದರು. ಆ ಸೂಕ್ಷ್ಮಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

“ಎರಡು ವರ್ಷ ಆಯ್ತು ಕಣೇ” ಎಂದಳು ಅಮ್ಮ. “ಮೊದಲು ಗಡಿಯಾರದ ಸದ್ದು ಹೋಯ್ತು. ಆಮೇಲೆ ಗುಬ್ಬಿ. ಆಮೇಲೆ ಮಾತು. ದನಿ ಬರುತ್ತೆ, ಅದರೊಳಗೆ ಅಕ್ಷರ ಇರಲ್ಲ. ಗಂಟೆನೂ ಹೋಗಿದೆ ಅಂತ ಈಗಲೇ ಗೊತ್ತಾಗಿದ್ದು. ನಿನ್ನ ತುಟಿ ನೋಡ್ಕೊಂಡೇ ನಡೆಸ್ತಿದೀನಿ. ನೀನು ಮನೇಲೂ ಡ್ರೈವಿಂಗ್ ಕಲಿಸೋ ಹಾಗೆ ಬಾಯಿ ಬಿಟ್ಟು ಮಾತಾಡ್ತೀಯ, ನನ್ನ ಪುಣ್ಯ.” ಅಣ್ಣಾ, ನನಗೆ ಅಳು ಬರಬೇಕಿತ್ತು. ಬಂದದ್ದು ಬೆರಗು. ಊಟದ ಮೇಜಿನಲ್ಲಿ ತನ್ನ ಕುರ್ಚಿಯನ್ನು ಯಾಕೆ ದೀಪದ ಬೆಳಕು ನನ್ನ ಮುಖಕ್ಕೆ ಬೀಳುವ ಬದಿಗೆ ಹಾಕಿಕೊಂಡಳು, ನಾನು ಬೇರೆ ಕೋಣೆಯಿಂದ ಕರೆದರೆ ಯಾಕೆ ಎದ್ದು ಬಂದು ಬಾಗಿಲಲ್ಲಿ ನಿಂತು ‘ಏನು’ ಎನ್ನುತ್ತಾಳೆ, ಪಕ್ಕದ ಮನೆಯವರ ಜೊತೆ ಯಾಕೆ ತಾನೇ ಮಾತು ಶುರುಮಾಡಿ ತಾನೇ ಮುಗಿಸುತ್ತಾಳೆ, ಎಲ್ಲ ಒಂದೊಂದಾಗಿ ಹೊಳೆಯಿತು. ಒಂದಿಡೀ ಭಾಷೆಯನ್ನು ಈ ವಯಸ್ಸಿನಲ್ಲಿ, ಯಾರ ಸಹಾಯವೂ ಇಲ್ಲದೆ, ಯಾರಿಗೂ ಸುಳಿವು ಕೊಡದೆ ಕಲಿತಿದ್ದಾಳೆ!

ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ಕಿವಿಯಿಂದಲೇ ಅನ್ನ ಉಂಡವಳು ನಾನು. ಅದೇ ಹೋಯ್ತು ಅಂತ ಬಾಯಲ್ಲಿ ಹೇಳೋಕೆ ಮನಸ್ಸು ಬರಲಿಲ್ಲ” ಎಂದಳು. ಆಮೇಲೆ ನಿನ್ನ ಮಾತು ಬಂತು. ನೀನು ಫೋನ್ ಮಾಡಿದಾಗಲೆಲ್ಲ ‘ಚೆನ್ನಾಗಿದೀನಪ್ಪ, ಹೊತ್ತಿಗೆ ಸರಿಯಾಗಿ ಊಟ ಮಾಡು’ ಎಂದು ಎರಡೇ ಮಾತಿಗೆ ನನ್ನ ಕೈಗೆ ದಾಟಿಸುತ್ತಾಳೆಂದು, ಹಡಗಿನ ಕೆಲಸ ಬಿಡಲಿಲ್ಲವೆಂದು ಕೋಪವೇನೋ ಎಂದು ನೀನು ನೊಂದುಕೊಂಡಿದ್ದೆ. ಕೋಪವೂ ಇಲ್ಲ, ಏನೂ ಇಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಫೋನಲ್ಲಿ ತುಟಿ ಎಲ್ಲಿಂದ ತರಲಿ? ಅವನು ಒಂದು ಕೇಳಿ ನಾನೊಂದು ಹೇಳಿದ್ರೆ, ನೀರಿನ ಮಧ್ಯೆ ಕೂತು ಅಮ್ಮನಿಗೆ ಏನಾಯ್ತೋ ಅಂತ ಕೊರಗ್ತಾನೆ. ಅದಕ್ಕೆ ಬೇಗ ಕೊಟ್ಟುಬಿಡ್ತಿದ್ದೆ. ಕೊಟ್ಟು ನಿನ್ನ ಮುಖ ನೋಡ್ತಾ ಕೂರ್ತಿದ್ದೆ, ನೀನು ನಕ್ಕರೆ ಅವನು ಚೆನ್ನಾಗಿದಾನೆ ಅಂತ.”

ಅಂಗಡಿಯವರು ಹೊರಗೆ ಬಂದಾಗ ನಮ್ಮಿಬ್ಬರ ಕಣ್ಣುಗಳೂ ಕೆಂಪಾಗಿದ್ದವು. ಅವರು ಅಮ್ಮನ ಎದುರು ಬಂದು ನಿಂತು, ನಿಧಾನವಾಗಿ, “ಅಮ್ಮಾ, ತಳದ ಸದ್ದು ಹೇಗೆ ಕೇಳುತ್ತೆ?” ಎಂದು ಕೇಳಿದರು. “ಅದು ಮೊದಲಿನ ಹಾಗೇ ಇದೆ” ಎಂದಳು. “ಹಾಗಾದ್ರೆ ಆರಿಸೋ ಕೆಲಸ ನಿಮ್ಮದೇ” ಎಂದರು. ಅದಕ್ಕೊಂದು ಉಪಾಯವಿದೆಯಂತೆ. ಸಬ್‌ವೂಫರನ್ನು ನಾವು ಕೂರುವ ಸೋಫಾ ಮೇಲಿಟ್ಟು, ನಾವು ನೆಲದ ಮೇಲೆ ತೆವಳುತ್ತಾ ಕೇಳಬೇಕು. ಎಲ್ಲಿ ಸದ್ದು ಸರಿಯೆನಿಸುತ್ತದೋ ಡಬ್ಬಿಗೆ ಅದೇ ಜಾಗ. ನಾನು ತೆವಳುತ್ತೇನೆಂದೆ. ಅಮ್ಮ ಬಿಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಈ ಕೆಲಸಕ್ಕೆ ಕಣ್ಣು ಬೇಡ” ಎಂದು ಮಂಡಿಯೂರಿದಳು. ಅರವತ್ತೆಂಟರ ಹೆಂಗಸು, ಮೊಣಕಾಲಿನ ಮೇಲೆ, ಗೋಡೆಯುದ್ದಕ್ಕೂ ಮಗುವಿನ ಹಾಗೆ! ಮೂಲೆಗೆ ಹೋಗಿ “ಇಲ್ಲಿ ಎಲ್ಲ ಕಲಸಿಹೋಗಿದೆ” ಎಂದಳು. ಕಿಟಕಿಯ ಕೆಳಗೆ “ಇಲ್ಲಿ ಸತ್ತೇಹೋಗಿದೆ” ಎಂದಳು. ಪುಸ್ತಕದ ಕಪಾಟಿನ ಪಕ್ಕ ನಿಂತುಬಿಟ್ಟು, ಅಂಗೈಯಿಂದ ನೆಲ ತಟ್ಟಿ, “ಇಲ್ಲಿ” ಎಂದಳು.

ಅಲ್ಲಿ ಎರಡನ್ನೂ ಸರದಿಯಂತೆ ಇಟ್ಟು, ಅದೇ ಹಾಡಿನ ಡ್ರಮ್ ಭಾಗ ಹಾಕಿದೆವು. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ದೊಡ್ಡದಕ್ಕೆ ಅವಳು ಕೊಟ್ಟ ತೀರ್ಪು: “ಕರೆ ಮುಗಿದ್ರೂ ಫೋನ್ ಇಡದೆ ಹ್ಞೂಂ ಹ್ಞೂಂ ಅಂತಿರ್ತಾರಲ್ಲ, ಆ ಥರ. ಡ್ರಮ್ ನಿಂತ ಮೇಲೂ ಇದು ನಿಲ್ಲಲ್ಲ.” ಚಿಕ್ಕದಕ್ಕೆ: “ಹೇಳೋದನ್ನ ಹೇಳ್ತು, ಇಡ್ತು.” ಮತ್ತೊಮ್ಮೆ ಕೇಳಿದಾಗ ನನಗೂ ಗೊತ್ತಾಯಿತು. ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ, ಶುಭ್ರವಾಗಿ ಬೀಳುತ್ತಿತ್ತು. ದೊಡ್ಡದು ದೊಡ್ಡ ಕೋಣೆಗೆ ಹೇಳಿ ಮಾಡಿಸಿದ್ದು, ನಮ್ಮ ಕೋಣೆಗೆ ಇದೇ ತಕ್ಕದ್ದು ಎಂದು ಅಂಗಡಿಯವರೂ ಒಪ್ಪಿದರು. ನೀನು ದೊಡ್ಡದರ ಮೇಲೆ ಮನಸ್ಸಿಟ್ಟಿದ್ದರೆ, ಜಗಳಕ್ಕೆ ನನ್ನ ಬಳಿ ಬರಬೇಡ, ಅಮ್ಮನ ಬಳಿ ಹೋಗು.

ಬುಧವಾರ ಕಿವಿ ಡಾಕ್ಟರ ಬಳಿ ಹೋಗುತ್ತಿದ್ದೇವೆ. ಒಪ್ಪಿಸಲು ನಾನೇನೂ ಹೆಣಗಲಿಲ್ಲ. “ಆ ಮೆಷಿನ್ನೂ ಎರಡು ಮೂರು ಥರ ಮನೆಗೆ ಕಳಿಸ್ತಾರಾ, ಹಾಕ್ಕೊಂಡು ನೋಡೋಕೆ?” ಎಂದಷ್ಟೇ ಕೇಳಿದಳು. ಯಾವುದನ್ನು ಕೊಟ್ಟರೂ ಅದರ ಗ್ರಹಚಾರ ಬಿಡಿಸುತ್ತಾಳೆ, ನೋಡುತ್ತಿರು. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ್ದೇವಲ್ಲ ಎಂದು ಈ ವಾರ ಹಲವು ಸಲ ಅನಿಸಿದೆ.

ಜೋಪಾನ ಅಣ್ಣಾ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಅಮ್ಮನ ಆಶೀರ್ವಾದ ಈ ಹಾಳೆಯ ತುಂಬ ಇದೆ ಎಂದು ತಿಳಿ.

ನಿನ್ನ ಪ್ರೀತಿಯ,
ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ಇದನ್ನು ಸೇರಿಸಲೇಬೇಕೆಂದು ನಿಂತಿದ್ದಾಳೆ. ಬಂದರು ಸೇರಿದ ಕೂಡಲೇ ವಿಡಿಯೊ ಕರೆ ಮಾಡಬೇಕಂತೆ, ಬೆಳಕಿಗೆ ಮುಖ ಕೊಟ್ಟು ಕೂರಬೇಕಂತೆ. ಅದಕ್ಕೂ ಮೊದಲು, ಕಳೆದ ತಿಂಗಳ ಫೋಟೊದಲ್ಲಿ ಬಾಯಿಯ ಮೇಲೆ ಪೊದೆಯ ಹಾಗೆ ಬೆಳೆಸಿಕೊಂಡಿದ್ದೀಯಲ್ಲ, ಆ ಮೀಸೆ ಬೋಳಿಸಬೇಕಂತೆ. “ಅವನ ತುಟಿ ನನಗೆ ಕಾಣಲಿ. ಆಮೇಲೆ ಅವನಿಗೆ ಸಾಕು ಅನ್ನಿಸೋವರೆಗೂ ಮಾತಾಡ್ತೀನಿ” ಅನ್ನುತ್ತಿದ್ದಾಳೆ.