ಹತ್ತು ರಂಗಮಂದಿರ, ಮೂರು ಕುರ್ಚಿ

ಜೂನ್ ೩
ಮತ್ತೆ ಪ್ರೆಸ್ ನೋಟ್. ಮತ್ತೆ ಡ್ರಾಫ್ಟ್. ನಮ್ಮ ಸಂಶೋಧನಾ ಕೇಂದ್ರದ ಡಾಕ್ಟರಮ್ಮ ವರ್ಷಗಟ್ಟಲೆ ಹೆಣಗಿ ಕಂಡುಕೊಂಡದ್ದು ಇಷ್ಟು: ಬಿ.ಪಿ.ಯ ಆ ಬಿಳಿ ಮಾತ್ರೆ ನುಂಗದ ಹತ್ತು ಸಾವಿರ ಜನರಲ್ಲಿ ಇಬ್ಬರಿಗೆ ಪಿತ್ತಕೋಶದ ತೊಂದರೆ, ನುಂಗಿದರೆ ಮೂವರಿಗೆ. ಅದೇ ಹತ್ತು ಸಾವಿರದಲ್ಲಿ ನೂರಾರು ಜನರನ್ನು ಅದೇ ಮಾತ್ರೆ ಲಕ್ವದಿಂದ ಕಾಪಾಡುತ್ತದೆ. ಹಾಗೆಯೇ ಬರೆದೆ.

ನಿರ್ದೇಶಕರು ಕನ್ನಡಕ ಏರಿಸಿದರು. "ಯಾರ್ರೀ ಓದ್ತಾರೆ ಇದನ್ನ? ಇಬ್ಬರು ಮೂವರಾದ್ರೆ ಐವತ್ತು ಪರ್ಸೆಂಟ್ ಜಾಸ್ತಿ! ಅದನ್ನ ಹಾಕಿ."

"ಜನ ಹೆದರ್ತಾರೆ, ಸರ್."

"ನಾಟಕ ಕಂಪನೀಲಿ ಬೆಳೆದೋರು, ಇಷ್ಟು ಸಪ್ಪೆ ಬರೀತೀರಲ್ಲ!"

ಕಂಪನಿಯಲ್ಲಿ ಖಳನಾಯಕ ಕೂಡ ಪ್ರೇಕ್ಷಕರ ಮೇಲೆ ಕತ್ತಿ ಬೀಸುತ್ತಿರಲಿಲ್ಲ, ಸ್ವಾಮಿ! — ಅವರೆದುರು ತಲೆಯಾಡಿಸಿ ಬಂದೆ. ಈ ಡೈರಿಯಲ್ಲಿ ಗುಡುಗುತ್ತಿದ್ದೇನೆ.

ಜೂನ್ ೫
ಮುಖಪುಟ. 'ಬಿ.ಪಿ. ಮಾತ್ರೆ: ಅಪಾಯ ಶೇಕಡ ಐವತ್ತು ಹೆಚ್ಚು!' ಲಕ್ವದ ಮಾತೇ ಇಲ್ಲ. ಕತ್ತರಿ! ಡಾಕ್ಟರಮ್ಮ ಪತ್ರಿಕೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ನಾನು ಹೇಳಿದ್ದು ಎಲ್ಲಿದೆಯಮ್ಮಾ ಇದ್ರಲ್ಲಿ?"
ನಿರ್ದೇಶಕರು ಟೀವಿಯಲ್ಲಿ. ಹೊಸ ಟೈ ಬೇರೆ...

ಜೂನ್ ೧೨
ಅಕ್ಕ ತನ್ನ ಬಿ.ಪಿ. ಮಾತ್ರೆ ಬಿಟ್ಟಿದ್ದಾಳೆ! ಡಬ್ಬಿಯನ್ನೇ ಎಸೆದಿದ್ದಾಳೆ. ವಾರವಾಯಿತಂತೆ.

"ಟೀವೀಲಿ ನಿಮ್ಮ ಸಾಹೇಬ್ರೇ ಹೇಳಿದ್ರಲ್ಲೇ!"

ಸೋಫಾ ಹತ್ತಿ ನಿಂತೆ. ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದ ಅಪ್ಪನ ಗಂಟಲು ತೆಗೆದೆ. "ಕೇಳು! ಸಾವಿರ ಕುರ್ಚಿಯ ರಂಗಮಂದಿರ. ಅಂಥವು ಹತ್ತು. ಎಲ್ಲಾ ಹೌಸ್‌ಫುಲ್! ಮಾತ್ರೆ ಇಲ್ದೇ ಇದ್ರೂ ಇಬ್ಬರು ಹೊಟ್ಟೆ ಹಿಡ್ಕೊಂಡು ಏಳ್ತಾರೆ. ನುಂಗಿದ್ರೆ ಮೂರನೆಯವನೊಬ್ಬ. ಬಿಟ್ರೆ? ಲಕ್ವ ಹೊಡೆದು ಹತ್ತೂ ಕಡೆ ಮುಂದಿನ ಸಾಲು ಪೂರ್ತಿ ನೆಲಕ್ಕೆ!"

"ಇಳಿಯಮ್ಮಾ ತಾಯಿ, ಸ್ಪ್ರಿಂಗು ಹೋಗತ್ತೆ," ಭಾವ.

ಅಕ್ಕ ನಕ್ಕಳು. "ಇಷ್ಟೇನಾ? ಹೀಗೇ ಬರೆಯೋಕೆ ನಿಮಗೇನು ಧಾಡಿ?"
ಮತ್ತೆ ನುಂಗುತ್ತಾಳಂತೆ. ಗೆದ್ದೆ!

ಜೂನ್ ೧೩
ಗೆದ್ದೆನೇ? ಅಕ್ಕನ ಮಾತ್ರೆ ಕೇಳಿದರೆ ಸರ್ಕಾರಿ ಔಷಧಾಲಯದ ಕಿಟಕಿಯಲ್ಲಿದ್ದವನು ತಲೆಯೆತ್ತದೆ ಹೇಳಿದ: "ಸ್ಟಾಕ್ ವಾಪಸ್ ಹೋಯ್ತು. ಮೇಲಿಂದ ಆರ್ಡರ್. ಐವತ್ತು ಪರ್ಸೆಂಟ್ ಅಂತಲ್ಲ?" ಹೊರಗಿನ ಅಂಗಡಿಗಳಲ್ಲೂ ಇಲ್ಲ. ಬೇರೆ ಮಾತ್ರೆ ಬರೆಸಿಕೊಳ್ಳಲು ಆಸ್ಪತ್ರೆಯಲ್ಲಿ ಸೋಮವಾರದ ಟೋಕನ್.

ಸೋಮವಾರವೇ ಈ ಮಾತ್ರೆಯ ಬಗ್ಗೆ ಆರೋಗ್ಯ ಕಾರ್ಯದರ್ಶಿಯ ಮುಂದೆ ಸಭೆ. ಡಾಕ್ಟರಮ್ಮ ಹಟ ಹಿಡಿದು ನನಗೆ ಐದು ನಿಮಿಷ ಕೊಡಿಸಿದ್ದಾರೆ. ನಿರ್ದೇಶಕರ ಷರತ್ತು: "ನಮ್ಮ ಕೇಂದ್ರ ತಪ್ಪು ಮಾಡ್ತು ಅನ್ನೋ ಹಾಗೆ ಕೇಳಿಸಬಾರದು."
ಎಲಾ! ಕೇಳಿಸುತ್ತದೆ. ಕೊನೆಯ ಸಾಲಿಗೂ ಕೇಳಿಸುತ್ತದೆ!

ಜೂನ್ ೧೬, ಸೋಮವಾರ ಬೆಳಿಗ್ಗೆ
ಗಂಟಲು ಸರಿಯಿದೆ. ಮೊದಲ ವಾಕ್ಯ ಬಾಯಿಪಾಠ: 'ಮಾನ್ಯರೇ, ತುಂಬಿದ ಮಂದಿರದಲ್ಲಿ ಬೆಂಕಿ ಬೆಂಕಿ ಎಂದು ಕೂಗಿದವರು ನಾವೇ. ಬಾಗಿಲಿಗೆ ಬೀಗ ಹಾಕಿದವರು ನೀವು...'

ಭಾವನ ಫೋನ್. ಅಕ್ಕನ ಕೈಯಿಂದ ಲೋಟ ಬಿತ್ತಂತೆ. ಬಲಗೈ ಏಳುತ್ತಿಲ್ಲವಂತೆ. ಆಂಬ್ಯುಲೆನ್ಸ್ ದಾರಿಯಲ್ಲಿದೆ. ಫೋನನ್ನು ಅವಳ ಕಿವಿಗೆ ಹಿಡಿದರು.
"ಅಕ್ಕಾ, ನಾನು ಕಣೇ. ಏನಾದ್ರೂ ಮಾತಾಡು."
ಅವಳು ಏನೋ ತೊದಲಿದಳು; ನನ್ನ ಹೆಸರೂ ಪೂರ್ತಿ ಬರಲಿಲ್ಲ.