ಎಂಟು ಕಿರೀಟ

ಫೆಬ್ರವರಿ 2, ಸಂಜೆ
ಇವತ್ತೂ ನಮ್ಮ ಸೈನ್‌ಬೋರ್ಡ್ ಕಂಪನಿಯ ಬಸ್ ಲೇಟ್. ಮುಸಫ್ಫಾ ಇಂಡಸ್ಟ್ರಿಯಲ್ ಏರಿಯಾದ ಧೂಳು ಕುಡಿದು ಮನೆಗೆ ಬಂದರೆ ಗಿರಾಕಿ ಹಾಶಿಮ್ ಸಾಹೇಬರ ವಾಯ್ಸ್ ಮೆಸೇಜ್. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ರೆಸ್ಟೋರೆಂಟ್ ತೆಗೆಯುತ್ತಾರೆ, ಹೆಸರು 'ಸೆವಿಲ್ಲಾ', ಸ್ಪೇನಿನ ಒಂದು ಊರು. ಸ್ಪೇನ್ ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸಲು ಇವರಿಗೆ ಬಾರದು. ಬಾಗಿಲ ಮೇಲೆ ಮಾತ್ರ ಆ ಊರಿನ ಲಾಂಛನ ಬೇಕು, ಅದೂ ಹಿತ್ತಾಳೆಯಲ್ಲಿ. ನೆಟ್‌ನಿಂದ ಎತ್ತಿ ಕಳಿಸಿದ್ದಾರೆ — ಸಿಂಹಾಸನದಲ್ಲಿ ರಾಜ, ಕೈಯಲ್ಲಿ ಕತ್ತಿ, ಅಕ್ಕಪಕ್ಕ ಇಬ್ಬರು ಬಿಷಪ್, ಮೇಲೆ ಕಿರೀಟ, ಕೆಳಗೆ NO8DO.

"ಅಂದಲೂಸಿನ ಸುಲ್ತಾನ್ ಅಲ್ವಾ ಶಾರನ್ ಮೇಡಂ? ಎಂತ ಗತ್ತು ನೋಡಿ!"

ಸುಲ್ತಾನನಂತೆ! ಮುಸ್ಲಿಂ ಸುಲ್ತಾನರ ಕೈಯಿಂದ ಆ ಊರನ್ನು ಕಿತ್ತುಕೊಂಡ ಕ್ರಿಶ್ಚಿಯನ್ ರಾಜ ಇವನು. ಫೋನ್ ಮಾಡಿ ಹೇಳಿದೆ. ಸಾಹೇಬರು ಕೂಗಿದರು — "ತೆಗೀರಿ ಮೇಡಂ, ತೆಗೀರಿ! ಕ್ರೌನ್ ಇರ್ಲಿ, ಅಕ್ಷರ ಇರ್ಲಿ. ಮನುಷ್ಯರು ಬೇಡ."

ರಂಜಾನ್ ನೋಂಬಿಗೆ ಮುಂಚೆ ಓಪನಿಂಗ್ ಅಂತೆ.

ಫೆಬ್ರವರಿ 3
ಮೀಟಿಂಗ್. ತಿಂಗಳ ಕೊನೆಗೆ ಒಬ್ಬರು ಕಡಿಮೆ ಆಗ್ತಾರೆ ಅಂದರು ಮ್ಯಾನೇಜರ್ ಸೆಡ್ರಿಕ್ ಸರ್, ಬಿಸ್ಕತ್ತು ಜಗಿಯುತ್ತಾ. ಡ್ರಾಯಿಂಗಿನ ನಾನು, ಇಲ್ಲವೇ ವರ್ಕ್‌ಶಾಪಿನ ಗುಣಪಾಲ. ಗುಣಪಾಲನ ಜೊತೆ ನನ್ನನ್ನು ತೂಗುತ್ತಾರೆ! ಫೈಲಿಗೆ 'ಫೈನಲ್ ಫೈನಲ್ ನ್ಯೂ' ಅಂತ ಹೆಸರಿಡುವ ಮನುಷ್ಯ.

ಮಗಳು ನನ್ನ ವೀಸಾದಲ್ಲಿದ್ದಾಳೆ; ಕೆಲಸ ಹೋದರೆ ಇಬ್ಬರೂ ಗಲ್ಫ್ ಬಿಡಬೇಕು. ಅವಳ ಟ್ವೆಲ್ತ್ ಮುಗಿಯುವವರೆಗಾದರೂ ಈ ದರಿದ್ರ ಕೆಲಸ ಬೇಕು. ಭಯವಾಗುತ್ತಿದೆ.

ಫೆಬ್ರವರಿ 4
ಹೊಸ ಡ್ರಾಯಿಂಗ್ ಮಾಡುವಷ್ಟು ಘನ ಕೆಲಸವಲ್ಲ ಇದು. ಸಾಹೇಬರು ಕಳಿಸಿದ ಚಿತ್ರವನ್ನೇ ಗುಣಪಾಲನಿಗೆ ವಾಟ್ಸಾಪ್ ಮಾಡಿ ಬರೆದೆ: "ಇದರಿಂದ ಕಿಂಗ್, ಬಿಷಪ್ಸ್ ತೆಗೀರಿ. ಕ್ರೌನ್, NO8DO."

ಥಂಬ್ಸ್ ಅಪ್ ಬಂತು. ಓದಿದನೋ ಇಲ್ಲವೋ.

ಫೆಬ್ರವರಿ 10, ಮಧ್ಯಾಹ್ನ
ವರ್ಕ್‌ಶಾಪಿನ ಮೇಜಿನ ಮೇಲೆ ಕಿರೀಟ. ಒಂದಲ್ಲ, ಎಂಟು! ಫಳಫಳ ಪಾಲಿಶ್ ಮಾಡಿ ಸಾಲಾಗಿ ಇಟ್ಟಿದ್ದಾನೆ. ಅಕ್ಷರ ಒಂದೂ ಇಲ್ಲ.

"ನೀವೇ ಹೇಳಿದ್ದಲ್ವಾ ಮೇಡಂ? ಕ್ರೌನ್, ನಂಬರ್ ಎಂಟು ದೋ."

ಹಿಂದಿಯ ದೋ. ಎಂಟು ಕೊಡಿ! ಪರ್ಚೇಸ್‌ನ ಉಸ್ಮಾನ್ ದಿನವೂ ಹಾಗೇ ಬರೆಯುತ್ತಾನಂತೆ — ಸ್ಕ್ರೂ ನಂಬರ್ ಐವತ್ತು ದೋ.

"ಚಿತ್ರದ ಕೆಳಗೂ ಅದೇ ಇತ್ತಲ್ಲ?" ಅಂದೆ.

"ಅದು ಕ್ವಾಂಟಿಟಿ ಅಂತ ಗ್ರಹಿಸಿದೆ. ಕ್ವಾಂಟಿಟಿಯನ್ನ ಯಾರಾದ್ರೂ ಹಿತ್ತಾಳೆಯಲ್ಲಿ ಮಾಡ್ತಾರಾ?"

ನಗಬೇಕೋ ಅಳಬೇಕೋ. ಅದು ಎಂಟೇ ಅಲ್ಲ, 8ರ ಹಾಗೆ ಕಾಣುವ ನೂಲಿನ ಲಡಿ ಅಂತ ಇವನಿಗೆ ಹೇಳಿ ಏನು ಫಲ...

ಬೆವರು ಒರೆಸಿಕೊಂಡ. "ಒಟ್ಟಿಗೆ ಹೋಗಿ ಹೇಳುವಾ ಮೇಡಂ. ನೀವು ಡ್ರಾಯಿಂಗ್ ಕೊಡ್ಲಿಲ್ಲ, ನಾನು ಕೇಳ್ಲಿಲ್ಲ. ಇಬ್ಬರದ್ದೂ ತಪ್ಪು ಅಂದ್ರೆ ಒಬ್ಬರನ್ನ ಹಿಡಿಲಿಕ್ಕೆ ಆಗುದಿಲ್ಲ."

ಆಯ್ತು ಅಂದೆ.

ಫೆಬ್ರವರಿ 11
ಹಾಶಿಮ್ ಸಾಹೇಬರು ಆರ್ಡರ್ ಕ್ಯಾನ್ಸಲ್ ಮಾಡಿದರು. ಸೆಡ್ರಿಕ್ ಸರ್ ಇಬ್ಬರನ್ನೂ ಕರೆದರು. "ಹೂಸ್ ಮಿಸ್ಟೇಕ್?"

ಗುಣಪಾಲ ನನ್ನ ಮುಖ ನೋಡಿದ, ನೀವೇ ಶುರು ಮಾಡಿ ಅನ್ನುವ ಹಾಗೆ. ನಾನು ಫೋನ್ ತೆಗೆದು ಮೆಸೇಜ್ ತೋರಿಸಿದೆ. "ಸ್ಪೆಲಿಂಗ್ ಕರೆಕ್ಟ್ ಇದೆ ಸರ್. ಓದಲು ಬಾರದವರಿಗೆ ನಾನೇನು ಮಾಡಲಿ?"

ಸುಳ್ಳು ಹೇಳಲಿಲ್ಲವಲ್ಲ.

ಅವನು ಫೋನಿನ ಮೆಸೇಜನ್ನು ಇನ್ನೊಮ್ಮೆ ಓದಿದ. "ಹೌದು ಸರ್. ನಾನೇ ಸರಿಯಾಗಿ ಓದ್ಲಿಲ್ಲ," ಅಂದ. ಎಂಥ ಪೆದ್ದ. ಬಾಯಿ ಇಲ್ಲವಾ ಇವನಿಗೆ?

ಫೆಬ್ರವರಿ 27
ಗುಣಪಾಲನ ವೀಸಾ ಕ್ಯಾನ್ಸಲ್. ನನ್ನದು ರಿನ್ಯೂ. ಮಗಳಿಗೆ ಹೇಳಿದೆ. "ಓಕೆ ಮಮ್ಮಿ, ಕೂಲ್" — ತಲೆಯೂ ಎತ್ತಲಿಲ್ಲ.

ಮಧ್ಯಾಹ್ನ ಗುಣಪಾಲ ಬಂದಿದ್ದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಬೈದಿದ್ದರೆ ನಾನೂ ನಾಲ್ಕು ಬೈದು ಮುಗಿಸುತ್ತಿದ್ದೆ.

"ಹೊರಟೆ ಮೇಡಂ. ಒಂದು ಕೇಳ್ಬೇಕಿತ್ತು. ಆ ಅಕ್ಷರದ ಅರ್ಥ ಎಂತ?"

ಇಷ್ಟು ದಿನದಲ್ಲಿ ಅದನ್ನು ಕೇಳಿದವನು ಇವನೊಬ್ಬ. ಹೇಳಿದೆ. ನಡುವಿನ ಲಡಿಗೆ ಸ್ಪ್ಯಾನಿಷ್‌ನಲ್ಲಿ ಮದೇಹಾ. ನೋ-ಮದೇಹಾ-ದೋ. ಬೇಗ ಹೇಳಿದರೆ ಆ ಭಾಷೆಯಲ್ಲಿ 'ನನ್ನ ಕೈಬಿಡಲಿಲ್ಲ' ಅಂತ ಕೇಳಿಸುತ್ತದೆ. ಆ ಚಿತ್ರದ ರಾಜನಿಗೆ ಒಬ್ಬ ಮಗ, ಅವನೂ ರಾಜನಾದ. ಈ ಎರಡನೇ ರಾಜನ ಸ್ವಂತ ಮಗನೇ ತಿರುಗಿ ಬಿದ್ದಾಗ ಈ ಊರು ಜೊತೆಗೆ ನಿಂತಿತಂತೆ. ಅದಕ್ಕೆ ಅವನು ಊರಿನ ಬಗ್ಗೆ ಆಡಿದ ಮಾತಂತೆ ಇದು.

"ಒಳ್ಳೆ ಮಾತು," ಅಂದ. ಸ್ವಲ್ಪ ತಡೆದು ಕೇಳಿದ: "ಯಾರು, ಯಾರನ್ನ ಮೇಡಂ?"

"ಊರು... ರಾಜನನ್ನ," ಅಂದೆ. ಅವನು ನನ್ನನ್ನೇ ನೋಡುತ್ತಾ, "ಆ ರಾಜನ ಅದೃಷ್ಟ ಮೇಡಂ," ಅಂದು ಹೊರಟ.