ಮುಂದೆ ಓಡುತ್ತಿದ್ದ ಪ್ರಿಯಾಂಕಳಿಗೆ

ಕೊತ್ತತ್ತಿ, ಮಂಡ್ಯ ತಾಲ್ಲೂಕು
೧೯ ಜನವರಿ ೨೦೨೫, ಭಾನುವಾರ

ಬರೆಯುತ್ತಿರುವವಳು: ಡಿ. ಪಟ್ಟಲಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಮೂವತ್ತಾರು ವರ್ಷಗಳ ಸೇವೆ.

ಪ್ರೀತಿಯ ಮೊಮ್ಮಗಳೇ,

ಹೆಸರು, ಸೇವಾವಧಿ ಬರೆಯದೆ ನನಗೆ ಕಾಗದ ಆರಂಭಿಸಲು ಬರುವುದಿಲ್ಲ, ನಗಬೇಡ. ಆರೋಗ್ಯವಾಗಿದ್ದೀಯಾ? ಮೊಣಕಾಲ ನೋವು ಇಳಿಯಿತೇ? ಮದ್ದೂರಿನ ನಿನ್ನ ಸೋದರತ್ತೆ ಹೊಟ್ಟೆ ತುಂಬ ಇಕ್ಕುತ್ತಾಳೆ ಎಂಬ ಧೈರ್ಯವಿದೆ. ನೀನು ನಿದ್ರೆ ಮಾಡುತ್ತೀಯೆ ಎಂಬ ಧೈರ್ಯವಿಲ್ಲ.

ನಮ್ಮ ಓಟದ ಗುಂಪಿನ ಶಿವನಂಜಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಬಲಗೈಗೆ ಪ್ಲಾಸ್ಟರ್ ಇದೆ, ಬಾಯಿಗಿಲ್ಲ. ನೋಡಲು ಹೋದ ನನಗೆ ಕೂರಲೂ ಹೇಳದೆ ಕೇಳಿದಳು: “ಟೀಚರಮ್ಮ, ಆ ಮಗ ಪ್ರಿಯಾಂಕ ಬ್ಯಾಡ ಬ್ಯಾಡ ಅಂತ ಬಡ್ಕತು. ಕೇಳ್ದೇ ನುಗ್ಗುದೋಳು ನಾನು. ಅದನ್ನ ಬೈದ್ರಲ್ಲಾ, ನನ್ನ ಯಾಕೆ ಬೈನಿಲ್ಲ? ಮುರ್ದಿರೋ ಕೈ ನೋಡಿ ಮರುಕ ಬಂತಾ?”

ಆ ಬೆಳಿಗ್ಗೆ ನಾಲೆಯ ಏರಿಯ ಮೇಲೆ ನೀನು ಕಲಿಸಿದಂತೆಯೇ ಓಡುತ್ತಿದ್ದೆವು. ಒಂದೇ ಸಾಲು, ಎದುರು ಬರುವ ವಾಹನಕ್ಕೆ ಮುಖ, ಮೈಮೇಲೆ ಹೊಳೆಯುವ ಹಳದಿ ಜಾಕೆಟ್ಟು. ಗಾಡಿ ಕಂಡರೆ ನಿಂತು ಬದಿಗೆ ಸರಿಯುವುದು. ಪೊಲೀಸ್ ನೇಮಕಾತಿಗೆಂದು ನೀನೊಬ್ಬಳೇ ಆರಂಭಿಸಿದ ಓಟಕ್ಕೆ, ಸಕ್ಕರೆ ಕಾಯಿಲೆಯವರೂ ಮಂಡಿ ಹಿಡಿದವರೂ ಸೇರಿ ಏಳು ಹೆಂಗಸರಾಗಿದ್ದೆವು. ಬಿರುನಡಿಗೆಯ ನಾನು ಕೊನೆಯವಳು. ಕಬ್ಬಿನ ಟ್ರ್ಯಾಕ್ಟರು ಬಂದಿತು. ಎಲ್ಲರೂ ಬದಿಗೆ ನಿಂತೆವು. “ತಡ್ಕಳ್ರೇ, ಒಂದ್ ಜಲ್ಲೆ ಕಿತ್ಕಂಡ್ ಬತ್ತೀನಿ, ಅವನಪ್ಪನ ಗಂಟೇನ್ ಓಯ್ತದೆ” ಎಂದು ಶಿವನಂಜಮ್ಮ ನುಗ್ಗಿದಳು. “ಅತ್ತೇ, ಮುಟ್ಬ್ಯಾಡ!” ಎಂದು ನೀನು ಕೂಗಿದ್ದು ನನಗೂ ಕೇಳಿಸಿತ್ತು. ಈ ಸೀಮೆಯಲ್ಲಿ ಹೋಗುವ ಗಾಡಿಯಿಂದ ಕಬ್ಬು ಎಳೆಯದೆ ಬೆಳೆದವರು ಯಾರಿದ್ದಾರೆ? ಲಂಗ ಎತ್ತಿಕಟ್ಟಿ ನಾನೂ ಎಳೆದವಳೇ. ಎತ್ತಿನ ಗಾಡಿಯಾಗಿದ್ದರೆ ಜಲ್ಲೆ ಕೈಗೆ ಬರುತ್ತಿತ್ತು. ಟ್ರ್ಯಾಕ್ಟರು ಕೈಯನ್ನೇ ಎಳೆದುಕೊಂಡಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ, ಎಲ್ಲರೆದುರು ನಾನು ನಿನಗೆ ಹೇಳಿದೆ: “ಹಿಂದೆ ಬರುವವರ ಹೊಣೆ ಮುಂದೆ ಓಡುವವಳದು. ಆರು ಜನರನ್ನು ಕಾಯಲಾಗದವಳು ಪೊಲೀಸಾಗಿ ಯಾರನ್ನು ಕಾಯುತ್ತೀಯೆ?” ಶಾಲೆಯಲ್ಲಿ ಒಂದು ಮಗು ಬಿದ್ದರೆ ತರಗತಿಯ ನಾಯಕನನ್ನು ಕೇಳುವುದು ನನ್ನ ಪದ್ಧತಿ. ನೀನು ತರಗತಿಯ ನಾಯಕಿಯಲ್ಲ, ಅವರು ಮಕ್ಕಳಲ್ಲ. ಅಂದು ಸಂಜೆಯೇ ನೀನು ಮದ್ದೂರಿನ ಬಸ್ಸು ಹತ್ತಿದೆ. ನಾನು ಬಾಗಿಲಿಗೂ ಬರಲಿಲ್ಲ.

ನಿನ್ನೆ ನಿನ್ನ ಚಿಕ್ಕಪ್ಪ ಮಹದೇವು ಹಾಲಿನ ವ್ಯಾನು ನಿಲ್ಲಿಸಿ ಬಂದು ಹೇಳಿದ: “ಅವ್ವಾ, ಮದ್ದೂರ್ ಐವೇಲಿ ಕರೀ ಅಂಗಿ ಆಕಂಡು, ಕಿವೀಗ್ ವೈರ್ ಚುಚ್ಕಂಡು ಒಬ್ಳೇ ಓಡ್ತಾವ್ಳೆ. ಆರನ್ ಒಡುದ್ರೂ ತಿರುಗ್ನಿಲ್ಲ. ಆ ಮಂಜ್ನಾಗೆ ಇನ್ನೊಂದ್ ಮಾರು ಓಗಿದ್ರೆ ನಾನೇ ಗುದ್ಬುಡ್ತಿದ್ದೆ ಕಣವ್ವ.” ವಾಹನಕ್ಕೆ ಬೆನ್ನು ಕೊಡಬಾರದೆಂದು ನಮಗೆ ಕಲಿಸಿದವಳು ನೀನು. ಆ ಬೆನ್ನನ್ನು ತಿರುಗಿಸಿದವಳು ನಾನು. ಇಲ್ಲಿ ನಿನ್ನ ಗುಂಪೂ ಹಾಳಾಗಿದೆ. ರೂಪ ಮತ್ತಿಬ್ಬರು ರಸ್ತೆಯ ಅಗಲಕ್ಕೂ ಹರಟುತ್ತಾ ಹೋಗುತ್ತಾರೆ. ಗದರಿಸಿದರೆ “ನಮ್ ಲೀಡ್ರುನ್ನ ಓಡ್ಸ್‌ಬುಟ್ರಲ್ಲಾ, ಇನ್ಯಾರ್ ಮಾತ್ ಕೇಳವ?” ಎನ್ನುತ್ತಾರೆ.

ಅತ್ತೆಗೆ ನನ್ನ ನೆನಪುಗಳು. ಬುದ್ಧನ ಕರುಣೆ ನಿನ್ನ ದಾರಿಯ ಎರಡೂ ಬದಿಗಿರಲಿ.

ಇತಿ ನಿನ್ನ ಅಜ್ಜಿ,
ಡಿ. ಪಟ್ಟಲಮ್ಮ

ಮರೆತೆ: ಆಡಬೇಕಾದ ಒಂದು ಮಾತು ಮೇಲಿನ ಕಾಗದದಲ್ಲಿಲ್ಲ. ಎರಡು ಸಲ ಬರೆದು ಹೊಡೆದುಹಾಕಿದೆ. ಲಗತ್ತಿನಲ್ಲಿದೆ, ನೋಡು. ಅದನ್ನು ಓದಿ ಮುಗಿಸುವವರೆಗೆ ಹೆದ್ದಾರಿಗೆ ಇಳಿಯಬೇಡ.

ಲಗತ್ತುಗಳು:
೧. ಶಿವನಂಜಮ್ಮನ ಹೇಳಿಕೆ, ಎಡಗೈ ಹೆಬ್ಬೆಟ್ಟಿನೊಂದಿಗೆ.
೨. ಗುಂಪಿನ ಐವರೂ ನಿನ್ನನ್ನು ಮತ್ತೆ ಓಟಕ್ಕೆ ಕರೆದು ಬರೆದ ಚೀಟಿ.
೩. ನನ್ನ ಕ್ಷಮಾಪಣಾ ಪತ್ರ, ಒಂದು ಪುಟ. ಇಂದು ಬೆಳಿಗ್ಗೆ ನಾಲೆಯ ಏರಿಯ ಮೇಲೆ ಎಲ್ಲರೆದುರು ನಿಂತು ಓದಿದ್ದೇನೆ.